ಐಚ್ಛಿಕ ಪೀಠ

‘ಐಚ್ಛಿಕ’ ಎಂಬುದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವರಿಗೆ ಬಲು ಪರಿಚಿತವಾದ ಮಾತು. ವಿದ್ಯಾರ್ಥಿ ಬೇಕೆಂದರೆ ಆ ವಿಷಯವನ್ನು ಆರಿಸಿಕೊಳ್ಳುತ್ತಾನೆ, ಬೇಡವೆಂದರೆ ಬಿಡುತ್ತಾನೆ. ಬಿಟ್ಟದ್ದರಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ. ಈಗ ಈ ವಿಶೇಷಣ ಮನುಷ್ಯನಿಗೇ ಬಂದು ಅಂಟಿಕೊಂಡಿದೆ. ಅಮೆರಿಕದ ಸೇನೆಗಾಗಿ ಪರೀಕ್ಷಿಸಿದ ಕೆಲವು ಹೆಲಿಕಾಪ್ಟರುಗಳಲ್ಲಿ ಪೈಲಟ್ ಐಚ್ಛಿಕ. ಅವನು ಕುಳಿತರೂ ಯಂತ್ರ ಹಾರುತ್ತದೆ, ಎದ್ದುಹೋದರೂ ಹಾರುತ್ತದೆ.

2022ರ ಫೆಬ್ರವರಿ 5ರಂದು ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರು ಒಳಗೆ ಒಂದು ನರಪಿಳ್ಳೆಯೂ ಇಲ್ಲದೆ ಸುಮಾರು 30 ನಿಮಿಷ ಹಾರಿ ಇಳಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಿಜೋನದ ಯೂಮ ಪರೀಕ್ಷಾಕ್ಷೇತ್ರದಲ್ಲಿ ಅಂಥದೇ ಯಂತ್ರ, ಗಾಯಾಳುಗಳಿಗೆಂದು 400 ಯೂನಿಟ್ ರಕ್ತವನ್ನು—ಕೆಲವು ನಿಜವಾದದ್ದು, ಕೆಲವು ಕೃತಕ—ಹೊತ್ತು 83 ಮೈಲಿ ಸಾಗಿತು.

ಇದನ್ನು ಕೇಳಿದೊಡನೆ ‘ಅಯ್ಯೋ, ಯಂತ್ರಯುಗ!’ ಎಂದು ಹಣೆ ಚಚ್ಚಿಕೊಳ್ಳುವುದು ಸುಲಭ, ನ್ಯಾಯವಲ್ಲ. 2011ರ ಡಿಸೆಂಬರಿನಿಂದ ಆಫ್ಘಾನಿಸ್ತಾನದಲ್ಲಿ ಕೆ-ಮ್ಯಾಕ್ಸ್ ಎಂಬ ಹೆಲಿಕಾಪ್ಟರು ಇದೇ ರೀತಿ, ಪೈಲಟ್ಟನಿಲ್ಲದೆ, ಶಿಬಿರಗಳಿಗೆ ಸಾಮಾನು ಸಾಗಿಸಿತು. ರಸ್ತೆಯಲ್ಲಿ ಹೂತಿಟ್ಟ ಬಾಂಬುಗಳಿಗೆ ಲಾರಿ ಚಾಲಕರು ಬಲಿಯಾಗುತ್ತಿದ್ದ ಕಾಲ ಅದು. 2013ರ ಜೂನ್‌ನಲ್ಲಿ ಅಂಥದೊಂದು ಯಂತ್ರ ನೆಲಕ್ಕೆ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಆ ಪೀಠದಲ್ಲಿ ಯಾವ ತಾಯಿಯ ಮಗನೂ ಇರಲಿಲ್ಲವೆಂಬ ಒಂದೇ ಕಾರಣಕ್ಕೆ, ಅಕ್ಕಿಯ ಮೂಟೆಗೋ ಮದ್ದುಗುಂಡಿಗೋ ಸಾರಥಿ ಬೇಕೇಬೇಕೆಂದು ನಾನು ಹಟ ಹಿಡಿಯಲಾರೆ.

ನನ್ನನ್ನು ಚಿಂತೆಗೆ ಹಚ್ಚಿದ್ದು ಯೂಮದ ಇನ್ನೊಂದು ಪರೀಕ್ಷೆ. ಭಾರವೊಂದನ್ನು ತೂಗುಹಾಕಿಕೊಂಡು ಹೋಗುತ್ತಿದ್ದ ಯಂತ್ರಕ್ಕೆ ನಡುದಾರಿಯಲ್ಲಿ ನೆಲದಿಂದ ಆಜ್ಞೆ ಬಂತು: ಭಾರವನ್ನು ಬಿಡು, ಬೇರೆಡೆ ಇಳಿದು ಗಾಯಾಳುವನ್ನು ಎತ್ತಿಕೊ. ಯಂತ್ರ ಹಾಗೆಯೇ ಮಾಡಿತು. ಎರಡು ಆಜ್ಞೆಗಳ ನಡುವೆ ಅದಕ್ಕೆ ಯಾವ ಸಂಕಟವೂ ಆಗಲಿಲ್ಲ. ರಾಮನ ರಥ ಅಯೋಧ್ಯೆಯನ್ನು ಬಿಡುವಾಗ ದಶರಥ ‘ನಿಲ್ಲು’ ಎಂದು ಕೂಗುತ್ತಾನೆ, ರಾಮ ‘ನಡೆ’ ಎನ್ನುತ್ತಾನೆ. ಸುಮಂತ್ರ ಎರಡು ಚಕ್ರಗಳ ನಡುವೆ ಸಿಕ್ಕವನಂತೆ ತೊಳಲುತ್ತಾನೆ. ನಮ್ಮ ಪೂರ್ವಿಕರು ಸಾರಥಿಗೆ ಕಡಿವಾಣ ಹಿಡಿಯುವ ಕೈಯನ್ನಷ್ಟೇ ಅಲ್ಲ, ತೊಳಲುವ ಮನಸ್ಸನ್ನೂ ಕೊಟ್ಟಿದ್ದರು.

ಆ ಮನಸ್ಸಿನಿಂದ ಯುದ್ಧದಲ್ಲಿ ಆಗುವುದೇನು? 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಿರಾಯುಧರಾದ ನೂರಾರು ಜನರನ್ನು ಕೊಂದರು. ಮೇಲೆ ಹೆಲಿಕಾಪ್ಟರು ಹಾರಿಸುತ್ತಿದ್ದ ಹ್ಯೂ ಥಾಮ್ಸನ್ 24 ವರ್ಷದ ತರುಣ. ಅವನ ಕೆಲಸ ಶತ್ರುವಿನ ಸುಳಿವನ್ನು ಹುಡುಕುವುದು. ಅವನು ಕಂಡದ್ದು ಬೇರೆ. ಓಡುತ್ತಿದ್ದ ಹಳ್ಳಿಗರಿಗೂ ತನ್ನದೇ ಪಡೆಯ ಸೈನಿಕರಿಗೂ ನಡುವೆ ಹೆಲಿಕಾಪ್ಟರನ್ನು ಇಳಿಸಿದ. ನಮ್ಮವರು ಇವರ ಮೇಲೆ ಗುಂಡು ಹಾರಿಸಿದರೆ ನೀವು ಅವರ ಮೇಲೆ ಹಾರಿಸಿ ಎಂದು ತನ್ನ ಸಂಗಡಿಗರಿಗೆ ಹೇಳಿದ. ಬೇರೆ ಹೆಲಿಕಾಪ್ಟರುಗಳನ್ನು ಕರೆಸಿ ಆ ಜನರನ್ನು ಉಳಿಸಿದ. ಆ ಕೃತ್ಯಕ್ಕೆ ತಕ್ಕ ಪದಕ ಅವನಿಗೆ ಬಂದದ್ದು 1998ರಲ್ಲಿ. ಅಂದು ಆ ಪೀಠ ಬರಿದಾಗಿದ್ದರೆ?

ಕೊಂದವರೂ ಮನುಷ್ಯರೇ ಅಲ್ಲವೆ, ಯಂತ್ರಕ್ಕೆ ಕ್ರೋಧವಿಲ್ಲವಲ್ಲ ಎಂದು ಕೇಳುವವರುಂಟು. ಮಾತು ನಿಜ. ಆದರೆ ಆಜ್ಞೆ ಕೊಡುವವನಿಗೆ ಕ್ರೋಧ ಉಂಟು; ಯಂತ್ರದಲ್ಲಿ ಅದು ತಡೆಯಿಲ್ಲದೆ ಹರಿದೀತು. ಥಾಮ್ಸನ್ನನಂಥವರು ಸಾವಿರಕ್ಕೊಬ್ಬರಿರಬಹುದು. ಆ ಒಬ್ಬನಿಗೆ ಕುಳಿತುಕೊಳ್ಳಲು ಒಂದು ಸ್ಥಳವಾದರೂ ಇರಬೇಕು.

ಇದರಿಂದ ನನಗೆ ತೋರುವುದಿಷ್ಟು. ಹಿಂದೆ ಪೈಲಟ್ಟನನ್ನು ಕಳುಹಿಸುವುದು ಅನಿವಾರ್ಯವಾಗಿತ್ತು. ಅವನು ಸತ್ತರೆ ‘ಬೇರೆ ದಾರಿಯಿರಲಿಲ್ಲ’ ಎಂದು ಕಳುಹಿಸಿದವರು ಸಮಾಧಾನ ತಂದುಕೊಳ್ಳಬಹುದಾಗಿತ್ತು. ಪೀಠ ಐಚ್ಛಿಕವಾದಲ್ಲಿ ಆ ಸಮಾಧಾನ ಉಳಿಯದು. ಕೂರಿಸಿದರೆ ಏಕೆ ಕೂರಿಸಿದೆ ಎಂಬ ಪ್ರಶ್ನೆ. ಹಿಂದೆ ಗಾಯಾಳುವನ್ನು ಮಲಗಿಸಿ ಮುಂದಿನ ಪೀಠವನ್ನು ಬರಿದಾಗಿ ಬಿಟ್ಟರೆ ಏಕೆ ಬಿಟ್ಟೆ ಎಂಬ ಪ್ರಶ್ನೆ. ಯಂತ್ರ ಹೊಣೆಯನ್ನು ಕಡಿಮೆ ಮಾಡಲಿಲ್ಲ, ಎರಡು ಪಟ್ಟು ಮಾಡಿತು.

ಸಾಮಾನು ಮಾತ್ರ ಹೋಗುವಲ್ಲಿ ಪೀಠ ಬರಿದಾಗಿರಲಿ. ಜನರಿರುವ ಹಳ್ಳಿಯ ಮೇಲೆ ಸೈನಿಕರನ್ನು ಇಳಿಸುವಾಗ, ಗಾಯಾಳುವನ್ನು ಹೊತ್ತು ತರುವಾಗ, ‘ಇಲ್ಲ’ ಎನ್ನಬಲ್ಲ ಒಬ್ಬನು ಅಲ್ಲಿರಬೇಕು. ಅವನನ್ನು ಇಳಿಸಿ ಕಳುಹಿಸುವುದಾದರೆ, ಹಾಗೆಂದು ತೀರ್ಮಾನಿಸಿದವರ ಹೆಸರೂ ಕಾರಣವೂ ಆ ಹಾರಾಟದ ದಾಖಲೆಯಲ್ಲಿ ಇರಬೇಕು. ಎತ್ತರ, ವೇಗ, ಭಾರಗಳನ್ನು ಅಳೆಯುವ ಪರೀಕ್ಷೆಯಲ್ಲಿ ಇದನ್ನೂ ಒಂದು ಪ್ರಶ್ನೆಯಾಗಿ ಸೇರಿಸುವುದು ದೊಡ್ಡ ಕೆಲಸವೇನಲ್ಲ.