ಆರು ವೋಲ್ಟಿನ ನಿಷ್ಠೆ

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಬೆಂಗಳೂರು, ಮೈಸೂರಲ್ಲಿ ಹಳೇ ಗಾಡಿಗಳು ಸಾಲಾಗಿ ಹೊರಡುತ್ತವೆ. ಸುತ್ತ ನೆರೆದವರು ಮೊದಲು ಕೇಳೋದು ಮೈಲೇಜ್ ಅಲ್ಲ, ರೇಟೂ ಅಲ್ಲ. "ಎಲ್ಲಾ ಒರಿಜಿನಲ್ಲಾ ಸಾರ್?" ಅಂತ. ಹೌದು ಅಂದವನಿಗೆ ಮರ್ಯಾದೆ. ರೆಗ್ಯುಲೇಟರ್ ಬದಲಾಯಿಸಿದೀನಿ, 12 ವೋಲ್ಟ್ ಮಾಡಿಸಿದೀನಿ ಅಂದವನಿಗೆ ಒಂದು ಸಣ್ಣ ನಿಟ್ಟುಸಿರು. ಆ ನಿಟ್ಟುಸಿರಿನಲ್ಲಿ ಒಂದು ನೈತಿಕ ತೀರ್ಪಿದೆ: ಹಳೆಯದನ್ನು ಮುಟ್ಟಿದವನು ಅದಕ್ಕೆ ದ್ರೋಹ ಮಾಡಿದ. ನಿಜವಾಗ್ಲೂ ಹೌದಾ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಹಳೇ ಜಾವಾಗಳಲ್ಲಿ ಇರೋದು 6 ವೋಲ್ಟಿನ ಡೈನಮೊ, ಜೊತೆಗೆ ಒಂದು ಪುಟ್ಟ ರೆಗ್ಯುಲೇಟರ್ ಡಬ್ಬಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಕಟೌಟ್. ಅದಕ್ಕೆ ಎರಡು ಕೆಲಸ. ಡೈನಮೊ ವೋಲ್ಟೇಜು ಬ್ಯಾಟರಿಗಿಂತ ಕಮ್ಮಿಯಿದ್ದಾಗ ನಡುವಿನ ಬಾಗಿಲು ಮುಚ್ಚಬೇಕು, ಇಲ್ಲದಿದ್ರೆ ಬ್ಯಾಟರಿಯ ಕರೆಂಟು ವಾಪಸ್ ಡೈನಮೊಗೆ ಹರಿದುಹೋಗುತ್ತೆ. ಡೈನಮೊ ಅತಿಯಾಗಿ ಕೊಡೋಕೆ ಶುರು ಮಾಡಿದ್ರೆ "ಸಾಕು" ಅನ್ನಬೇಕು, ಇಲ್ಲದಿದ್ರೆ ಬ್ಯಾಟರಿ ಕುದ್ದು ಹಾಳಾಗುತ್ತೆ. ಸುರುಳಿ, ಸ್ಪ್ರಿಂಗು, ಪುಟ್ಟ ಪಾಯಿಂಟುಗಳು ಪಟಪಟ ಅಂತ ತೆರೆದು ಮುಚ್ಚಿ ಇದನ್ನೆಲ್ಲಾ ಮಾಡುತ್ತವೆ. ವರ್ಷ ಕಳೆದಂತೆ ಪಾಯಿಂಟು ಸುಡುತ್ತೆ, ಸ್ಪ್ರಿಂಗು ಸಡಿಲಾಗುತ್ತೆ, ಹೆಡ್‌ಲೈಟು ಹರಳೆಣ್ಣೆ ದೀಪ ಆಗುತ್ತೆ.

ಒಂದು ಸಣ್ಣ ಲೆಕ್ಕ ನೋಡಿ. 36 ವಾಟಿನ ಬಲ್ಬು 6 ವೋಲ್ಟಲ್ಲಿ 6 ಆಂಪಿಯರ್ ಎಳೆಯುತ್ತೆ, 12 ವೋಲ್ಟಲ್ಲಿ 3. ತುಕ್ಕು ಹಿಡಿದ ವೈರು, ಜಾಯಿಂಟುಗಳಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದ್ರೆ 6 ವೋಲ್ಟಿನ ಗಾಡಿಯಲ್ಲಿ 0.6 ವೋಲ್ಟ್ ದಾರಿಯಲ್ಲೇ ಖರ್ಚು, ಅಂದ್ರೆ ನೂರಕ್ಕೆ ಹತ್ತು. 12 ವೋಲ್ಟಿನದ್ದರಲ್ಲಿ 0.3, ನೂರಕ್ಕೆ ಎರಡೂವರೆ. ಹಳೇ ಗಾಡಿಯ ಬೆಳಕು ಮಂಕಾಗೋದು ವಯಸ್ಸಿನಿಂದ ಮಾತ್ರ ಅಲ್ಲ, ಗಣಿತದಿಂದಲೂ ಹೌದು.

ಈ ಗಾಡಿ ಕೆಂಗೇರಿ ದಾಟಿ ತನ್ನ ತವರು ಮೈಸೂರಿಗೆ ಹೊರಟಿತು ಅಂದ್ಕೊಳ್ಳಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶ ಇಲ್ಲ. ಸರ್ವಿಸ್ ರೋಡೇ ಗತಿ. ಅಲ್ಲಿ ಕತ್ತಲಲ್ಲಿ ಯಾರು ಓಡಾಡ್ತಾರೆ? ಹಾಲು ಹಾಕಿ ಬರೋರು, ಕೆಲಸ ಮುಗಿಸಿ ನಡೆದು ಮನೆಗೆ ಹೋಗೋರು, ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರು. ಒರಿಜಿನಲ್ ಆಗಿರಬೇಕು ಅನ್ನೋದು ನನ್ನ ಆಯ್ಕೆ ಸರಿ, ಆದರೆ ಆ ಮಂಕು ಬೆಳಕಿನ ಮುಂದೆ ರಸ್ತೆ ದಾಟೋರನ್ನ ಯಾರೂ ಕೇಳಿರಲ್ಲ. ಗಾಡಿ ನಂದು, ರಸ್ತೆ ನಂದಲ್ಲ.

ನಮ್ಮೂರಲ್ಲಿ ಎತ್ತಿನ ಗಾಡಿಗೆ ಮರದ ಚಕ್ರ ಹೋಗಿ ಟೈರು ಬಂದಾಗ "ಒರಿಜಿನಲ್ ಹಾಳಾಯ್ತು" ಅಂತ ಯಾರೂ ಅಳಲಿಲ್ಲ. ಎಳೆಯೋ ಎತ್ತಿಗೆ ಹಗುರ ಆಯ್ತು, ಅಷ್ಟೇ ಮಾತು. ಮರದ ಚಕ್ರಗಳೀಗ ರೆಸಾರ್ಟ್ ಗೇಟುಗಳಲ್ಲಿ ಒರಗಿವೆ, ಪೂರ್ತಿ ಒರಿಜಿನಲ್, ಅಲುಗಾಡಲ್ಲ. ಹಳ್ಳಿಯಲ್ಲಿ ವಸ್ತುವನ್ನು ಬದಲಾಯಿಸೋದು ದುಡಿಯೋರಿಗಾಗಿ, ಸಿಟಿಯಲ್ಲಿ ಉಳಿಸಿಕೊಳ್ಳೋದು ನೋಡೋರಿಗಾಗಿ. ಅಪ್ಪ ಹಾಕಿದ ಆಲದ ಮರ ಅಂತ ನೇಣು ಹಾಕ್ಕೊಳ್ಳೋಕಾಗಲ್ಲ ಅನ್ನೋ ಮಾತು ಹುಟ್ಟಿದ್ದು ಸುಮ್ಮನೆ ಅಲ್ಲ.

ಆದ್ರೆ ಕಥೆ ಇಷ್ಟಕ್ಕೇ ಮುಗಿದಿದ್ರೆ ಸುಲಭ ಇತ್ತು. ಟೈರು ಬಂದ ಮೇಲೆ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯೋ ಕಮ್ಮಾರನ ಕುಲುಮೆ ಆರಿತು. ಅದನ್ನೂ ಲೆಕ್ಕಕ್ಕೆ ಹಿಡೀಬೇಕು. ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ನನಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬರಿದ್ದಾರೆ. ರೆಗ್ಯುಲೇಟರ್ ಮುಚ್ಚಳ ತೆಗೆದು, ಪಾಯಿಂಟಿಗೆ ಎಮರಿ ಪೇಪರ್ ಆಡಿಸಿ, ಸ್ಪ್ರಿಂಗನ್ನ ಒಂದು ಕೂದಲೆಳೆಯಷ್ಟು ಬಗ್ಗಿಸಿ, ಹೆಡ್‌ಲೈಟ್ ನೋಡ್ತಾ ಸರಿ ಮಾಡ್ತಾರೆ. ಹೊಸ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಳಗೆ ಟ್ರಾನ್ಸಿಸ್ಟರ್‌ಗಳು, ಮೇಲೆ ಗಟ್ಟಿ ಎಪಾಕ್ಸಿ. ಕೆಟ್ರೆ ಬಿಸಾಕಬೇಕು. ಆ ಮೆಕ್ಯಾನಿಕ್ ಕೈಯಲ್ಲಿರೋ ವಿದ್ಯೆಗೆ ಅಲ್ಲಿ ಜಾಗ ಇಲ್ಲ. ಸಾಫ್ಟ್‌ವೇರ್ ಬರೆಯೋ ನಮಗಿದು ಹೊಸದಲ್ಲ. ಹಳೇ ಕೋಡನ್ನ ಓದಬಲ್ಲ ಕೊನೆಯವನು ರಾಜೀನಾಮೆ ಕೊಟ್ಟ ದಿನ ಏನು ಕಳ್ಕೊಂಡ್ವಿ ಅಂತ ಗೊತ್ತಾಗುತ್ತೆ.

ಇನ್ನೊಂದು ವಿಷಯ. ದೊಡ್ಡ ನಂಬರ್ ಅಂದ ಮಾತ್ರಕ್ಕೆ ಮೇಲು ಅಲ್ಲ. ಅದೇ 6 ವೋಲ್ಟಿನ ಡೈನಮೊಗೆ 12 ವೋಲ್ಟಿನ ರೆಗ್ಯುಲೇಟರ್ ಹಾಕಬಹುದು. ಆದ್ರೆ ಚಾರ್ಜ್ ಶುರುವಾಗೋಕೆ ಇಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಕಾರ್ಡ್ ರೋಡಿನ ಜಾಮಲ್ಲಿ, ಮಾಗಡಿ ರೋಡಿನ ಸಿಗ್ನಲ್ಲಲ್ಲಿ ಐಡ್ಲಿಂಗಲ್ಲೇ ನಿಂತಿರೋ ಗಾಡಿಗೆ ಬ್ಯಾಟರಿ ಖಾಲಿ ಆಗ್ತಾನೇ ಇರುತ್ತೆ. ಇಗ್ನಿಷನ್ನೂ ಬ್ಯಾಟರಿ ಮೇಲೇ ನಿಂತಿದ್ರೆ ತಳ್ಳೋದೇ ಕೆಲಸ. ಊರೊಳಗೇ ಓಡಿಸೋರು 6 ವೋಲ್ಟಿನದೇ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿ, ಟೈಲ್ ಲೈಟು, ಮೀಟರ್ ಬಲ್ಬುಗಳನ್ನ ಎಲ್‌ಇಡಿ ಮಾಡಿ, ಉಳಿದ ಕರೆಂಟನ್ನ ಹೆಡ್‌ಲೈಟಿಗೆ ಬಿಡೋದು ಜಾಣತನ. ಸಂಪಾದನೆ ಹೆಚ್ಚಿಸೋಕೆ ಮುಂಚೆ ಖರ್ಚು ಕಮ್ಮಿ ಮಾಡೋದು, ನಮ್ಮಮ್ಮನ ಅರ್ಥಶಾಸ್ತ್ರ.

ಹಾಗಾದ್ರೆ ಹಳೆಯದಕ್ಕೆ ನಾವು ತೋರಿಸಬೇಕಾದ ನಿಷ್ಠೆ ಯಾವುದು? ನನ್ನ ಪ್ರಕಾರ ಅದು ಬಿಡಿಭಾಗಕ್ಕಲ್ಲ, ಕೆಲಸಕ್ಕೆ. ಗಾಡಿ ಹುಟ್ಟಿದ್ದು ಓಡೋಕೆ. ಓಡಿಸಿ, ಓಡೋಕೆ ಬೇಕಾದ್ದನ್ನ ಬದಲಾಯಿಸಿ. ಆದ್ರೆ ನೀವು ಮಾಲೀಕರ ಸಾಲಲ್ಲಿ ಒಬ್ಬರು ಅಷ್ಟೇ, ಕೊನೆಯವರಲ್ಲ. ನಿಮ್ಮ ನಂತರ ಬರೋನಿಗೆ ವಾಪಸ್ ಹೋಗೋ ದಾರಿ ಉಳಿಸಿ. ಹಳೇ ವೈರಿಂಗ್ ಕತ್ತರಿಸಬೇಡಿ, ಫ್ರೇಮಿಗೆ ತೂತು ಕೊರೀಬೇಡಿ. ಕಳಚಿದ ರೆಗ್ಯುಲೇಟರನ್ನ ಗುಜರಿಗೆ ಹಾಕದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಯಾವ ವೈರು ಎಲ್ಲಿಗೆ ಅಂತ ಚೀಟಿ ಬರೆದು ಇಡಿ. ಇಡೋ ಮುಂಚೆ ಒಂದು ಶನಿವಾರ ಅಂಥ ಮೆಕ್ಯಾನಿಕ್ ಪಕ್ಕ ಕೂತು, ಆ ಸ್ಪ್ರಿಂಗ್ ಬಗ್ಗಿಸೋದು ಹೇಗೆ ಅಂತ ಕಲ್ತುಕೊಳ್ಳಿ. ಡಬ್ಬಿಯನ್ನ ಬಟ್ಟೆಯಲ್ಲಿ ಸುತ್ತಿಡಬಹುದು, ಆ ವಿದ್ಯೆಯನ್ನ ಇಡೋಕೆ ಮನುಷ್ಯನ ಕೈಯೇ ಬೇಕು.