ಕಸಿದ ಕತ್ತಿ, ಬಿಟ್ಟ ಕತ್ತಿ


ದಿನಕ್ಕೊಂದು ಧಮ್ಮಚಿಂತನೆ, ದಾಬಸ್‌ಪೇಟೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವಾಟ್ಸಾಪ್ ಸ್ಟೇಟಸ್ ನೋಡಿ ಬೆಚ್ಚಿದೆ. ಸೋಂಪುರದ ಕಾರ್ಖಾನೆಯೊಂದರಲ್ಲಿ ದುಡಿಯುವ ಹುಡುಗ. ಹುಟ್ಟುಹಬ್ಬದ ಕೇಕನ್ನು ಉದ್ದನೆಯ ಕತ್ತಿಯಲ್ಲಿ ಕೊಯ್ಯುತ್ತಿದ್ದಾನೆ. ಹಿಂದೆ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ. ಫೋನ್ ಮಾಡಿದೆ. "ಜಪಾನ್ ಮಾಡಲ್ ಸಾರ್, ಕಟಾನ" ಅಂದ. ಬೈಯಲು ಶುರು ಮಾಡಿದರೆ ತಡೆದು ಕೇಳಿದ: "ನಮ್ಮೋರ ಕೈಗೆ ಆಯುಧ ಕೊಡದೆ ತುಳಿದ್ರು ಅಂತ ನೀವೇ ಅಲ್ವಾ ಸಾರ್ ಹೇಳಿದ್ದು? ಈಗ ಕೈಗೆ ಬಂದೈತೆ, ಬ್ಯಾಡ ಅಂತೀರಾ?"

ನನಗೆ ಉತ್ತರ ಹೊಳೆಯಲಿಲ್ಲ. "ಪೊಲೀಸ್ನೋರು ಹಿಡೀತಾರೆ ಕಣಪ್ಪ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮೇಷ್ಟ್ರಾಗಿ ನಾಚಿಕೆಯಾಯಿತು. ಹೆದರಿಸಿ ಬಾಯಿ ಮುಚ್ಚಿಸುವುದು ಧಮ್ಮವಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಾವೆಲ್ಲ ಸೇರಿ ಹುಡುಕೋಣ.

ಮೊದಲು ನಮ್ಮ ಸೀಮೆಯ ಮಾತು. ಪಕ್ಕದ ಕೊರಟಗೆರೆ ತಾಲ್ಲೂಕಿನಲ್ಲಿ ಚನ್ನರಾಯನದುರ್ಗವಿದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇವನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಗಿಡದ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ಇಂಥ ದಕ್ಷಿಣದ ಉಕ್ಕು ಕಡಲು ದಾಟಿ ಪರ್ಷಿಯಾದಲ್ಲಿ, ಅರಬರಲ್ಲಿ ಹೆಸರಾಂತ ಕತ್ತಿಯಾಯಿತು. ಯುರೋಪಿನವರು ಅದನ್ನು 'ವೂಟ್ಸ್' ಎಂದರು. ಆ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂದದ್ದೆಂದು ಬಹಳ ವಿದ್ವಾಂಸರು ಹೇಳುತ್ತಾರೆ.

ಅದೇ ತಂಗಡಿಯ ತೊಗಟೆಯಲ್ಲಿ ನಮ್ಮ ಹಿರಿಯರು ಚರ್ಮ ಹದ ಮಾಡುತ್ತಿದ್ದರು. ಕತ್ತಿಯ ಒರೆಗೂ ಕುದುರೆಯ ಜೀನಿಗೂ ಚರ್ಮ ಬೇಕು. ದೊರೆಗಳ ಕತ್ತಿಗೆ ಇಂದಿಗೂ ಹೆಸರಿದೆ. ಮೂಸೆ ಕಾಯಿಸಿದವರ, ಚರ್ಮ ಹದ ಮಾಡಿದವರ ಹೆಸರು ಎಲ್ಲಿದೆ?

ಇನ್ನು ಆ ಹುಡುಗನ ಕಟಾನದ ಕತೆ. ಜಪಾನಿನಲ್ಲಿ ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಯಲ್ಲಿ ಹಗಲೂ ರಾತ್ರಿ ಕಾಯಿಸಿ ಉಕ್ಕು ತೆಗೆಯುತ್ತಿದ್ದರು. ಅದನ್ನು ಮಡಚಿ ಮಡಚಿ ಬಡಿದು ಕತ್ತಿ ಮಾಡುತ್ತಿದ್ದರು. ಮಾಡಿದ ಕಮ್ಮಾರ ಹಿಡಿಯೊಳಗಿನ ಭಾಗದಲ್ಲಿ ತನ್ನ ಹೆಸರು ಕೆತ್ತುತ್ತಿದ್ದ. ಆದರೆ ಸಮುರಾಯಿಯ ಕವಚಕ್ಕೆ ಚರ್ಮ ಹದ ಮಾಡಿ ಕೊಟ್ಟವರನ್ನು ಅಲ್ಲಿಯೂ ಹೊಲಸೆಂದು ಕರೆದು ಊರಾಚೆ ಇಟ್ಟರು. ಇಂದು ಅವರನ್ನು ಬುರಾಕುಮಿನ್ ಎನ್ನುತ್ತಾರೆ.

1588ರಲ್ಲಿ ತೊಯೊತೊಮಿ ಹಿದೆಯೋಶಿ ಎಂಬ ಆಳರಸ, ರೈತರೆಲ್ಲ ಕತ್ತಿ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಅವನೂ ಬಡ ಮನೆಯಲ್ಲಿ ಹುಟ್ಟಿ ಯುದ್ಧದಿಂದಲೇ ಮೇಲೇರಿದವನು. ಆಜ್ಞೆಯಲ್ಲಿ ಹೇಳಿದ್ದೇನು ಗೊತ್ತೇ? ಈ ಕತ್ತಿಗಳನ್ನು ಕರಗಿಸಿ ಕ್ಯೋತೋದ ಮಹಾಬುದ್ಧನ ಮೂರ್ತಿಗೆ ಮೊಳೆ, ಕೊಂಡಿ ಮಾಡುತ್ತೇವೆ, ಕೊಟ್ಟವರಿಗೆ ಇಹದಲ್ಲೂ ಪರದಲ್ಲೂ ಪುಣ್ಯ ಎಂದು! ಮೂರೇ ವರ್ಷದಲ್ಲಿ, 1591ರಲ್ಲಿ, ಸೈನಿಕ ರೈತನಾಗುವಂತಿಲ್ಲ, ರೈತ ಹೊಲ ಬಿಟ್ಟು ಬೇರೆ ಕಸುಬಿಗೆ ಹೋಗುವಂತಿಲ್ಲ ಎಂಬ ಕಟ್ಟಳೆಯೂ ಬಂತು. ತಾನು ಹತ್ತಿದ ಏಣಿಯನ್ನು ತಾನೇ ಎಳೆದುಕೊಂಡ. ಆ ಬುದ್ಧಮೂರ್ತಿ 1596ರ ಭೂಕಂಪದಲ್ಲಿ ಮುರಿದುಬಿತ್ತು. ಕಟ್ಟಳೆ ಮಾತ್ರ ಶತಮಾನಗಳ ಕಾಲ ನಿಂತಿತು.

ಬಂಧುಗಳೇ, ಇದು ಅಹಿಂಸೆಯೇ? ಬುದ್ಧನ ಹೆಸರಿದ್ದ ಮಾತ್ರಕ್ಕೆ ಧಮ್ಮವಾಗುತ್ತದೆಯೇ? ಕಸಿದುಕೊಂಡವನ ಕೈಯಲ್ಲಿ ಕತ್ತಿ ಹಾಗೇ ಇತ್ತಲ್ಲ!

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನೇ ನಮ್ಮ ದೇಶದ ಬಗ್ಗೆ ಕೇಳಿದರು. ಇಷ್ಟು ಅನ್ಯಾಯವಾದರೂ ಜನ ಯಾಕೆ ದಂಗೆ ಏಳಲಿಲ್ಲ? ಚಾತುರ್ವರ್ಣ್ಯ ಅವರಿಗೆ ಆಯುಧವನ್ನೂ ಕೊಡಲಿಲ್ಲ, ವಿದ್ಯೆಯನ್ನೂ ಕೊಡಲಿಲ್ಲ ಎಂಬುದು ಅವರ ಉತ್ತರ. ನನ್ನ ಹುಡುಗ ಮೊದಲ ಅರ್ಧ ನೆನಪಿಟ್ಟುಕೊಂಡಿದ್ದಾನೆ. ಎರಡನೆಯ ಅರ್ಧವನ್ನು ಒತ್ತಿ ಹೇಳದೆ ಹೋದವನು ನಾನು.

ಹಾಗಾದರೆ ಕತ್ತಿ ಬಿಡುವುದು ಎಂದರೇನು? 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸಿದ್ಧಾರ್ಥನ ಗೃಹತ್ಯಾಗವನ್ನು ಹೇಳುವ ಬಗೆ ನೋಡಿ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಸಾರಲು ಹೊರಟರು. ಸಿದ್ಧಾರ್ಥ ಸಭೆಯಲ್ಲಿ ಎದ್ದು ನಿಂತು ಬೇಡವೆಂದ. ಬಹುಮತ ಅವನ ವಿರುದ್ಧವಾಯಿತು. ಆದರೂ ಕತ್ತಿ ಹಿಡಿಯಲಿಲ್ಲ, ನಾಡು ಬಿಟ್ಟ. ಅವನಿಗೆ ಆಯುಧದ ಹಕ್ಕಿತ್ತು, ವಿದ್ಯೆಯೂ ಇತ್ತು. ಯೋಚಿಸಿ, ಬೆಲೆ ತೆತ್ತು ಬಿಟ್ಟ. ಆದ್ದರಿಂದ ಅದು ಅಹಿಂಸೆ.

ಜಪಾನಿನ ಬುರಾಕುಮಿನ್ ಜನರೂ 1922ರಲ್ಲಿ ಕ್ಯೋತೋದಲ್ಲಿ ಸೇರಿ, ಸುಯ್‌ಹೇಯ್‌ಶಾ ಎಂಬ ಸಂಘಟನೆ ಕಟ್ಟಿ ತಮ್ಮ ಘನತೆಯನ್ನು ತಾವೇ ಸಾರಿದರು. ನಮ್ಮವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬರಿಗೈಯಲ್ಲಿ ನಿಂತು ಸಾವಿರಾರು ವರ್ಷದ ಕಟ್ಟನ್ನು ಕಡಿದರು.

ನಿನ್ನೆ ಹುಡುಗನಿಗೆ ಮತ್ತೆ ಫೋನ್ ಮಾಡಿದೆ. "ನಿನ್ನ ಪ್ರಶ್ನೆ ಸರಿ ಇತ್ತು ಕಣೋ, ನನ್ನ ಉತ್ತರ ಸರಿ ಇರಲಿಲ್ಲ" ಅಂದೆ. ಭಾನುವಾರದ ಓದಿಗೆ ಬರುತ್ತೇನೆಂದಿದ್ದಾನೆ. ಆ ಸ್ಟೇಟಸ್ಸನ್ನು ತೆಗೆ ಎಂದು ನಾನು ಹೇಳಲಿಲ್ಲ. ರಾತ್ರಿ ನೋಡಿದರೆ ಅವನೇ ತೆಗೆದಿದ್ದ.

ಇಂದಿನ ಅಭ್ಯಾಸ: ಮನೆಯ ಮಕ್ಕಳು ಕೋಪದಿಂದ ಕೇಳಿದ ಒಂದು ಪ್ರಶ್ನೆಗೆ ಇಂದು ಕೋಪವಿಲ್ಲದೆ, ಪೂರ್ತಿಯಾಗಿ ಉತ್ತರ ಕೊಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.