ತಾಳೆಯೂ ತೀರ್ಪೂ

ಧ್ಯಾನಭಾಗ: ಯಾಕೋಬ 5:4, ಲೂಕ 19:1-10



ಇಂಗ್ಲಿಷ್ ಭಾಷೆಯಲ್ಲಿ 'ಟ್ರಯಲ್' ಎಂಬ ಒಂದೇ ಮಾತಿಗೆ ಎರಡು ಸ್ಥಳಗಳಲ್ಲಿ ಎರಡು ಅರ್ಥಗಳುಂಟು. ನ್ಯಾಯಸ್ಥಾನದಲ್ಲಿ ಅದು ವಿಚಾರಣೆ. ಲೆಕ್ಕದ ಪುಸ್ತಕದಲ್ಲಿ ಅದು ತಾಳೆ ನೋಡುವದು. ನಮ್ಮ ಕನ್ನಡದಲ್ಲಿ ಇವೆರಡಕ್ಕೆ ಬೇರೆ ಬೇರೆ ಮಾತುಗಳಿವೆ. ಆದರೂ ನಾವು ನಮ್ಮ ಮನಸ್ಸಾಕ್ಷಿಯಲ್ಲಿ ಒಂದನ್ನು ಮತ್ತೊಂದೆಂದು ತಿಳಿದು ಮೋಸಹೋಗುತ್ತೇವೆ.

ಮೊದಲು ನ್ಯಾಯಸ್ಥಾನವನ್ನು ನೋಡೋಣ. ಅಲ್ಲಿ ಒಬ್ಬನ ಮೇಲೆ ದೂರು ಬರುತ್ತದೆ, ಸಾಕ್ಷಿಗಳು ನುಡಿಯುತ್ತಾರೆ, ನ್ಯಾಯಾಧಿಪತಿಯು ಕೇಳಿ ತೀರ್ಪು ಹೇಳುತ್ತಾನೆ. ಒಂದು ಸಂಗತಿ ನಡೆಯಿತೆಂದು ಹೇಳುವವನೇ ಅದನ್ನು ರುಜುಪಡಿಸಬೇಕು. 1872ನೇ ಇಸವಿಯ ಸಾಕ್ಷ್ಯದ ಕಾಯಿದೆಯಲ್ಲಿ ಈ ನಿಯಮವಿತ್ತು. 2024ನೇ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ರುಜುವಾತಿಲ್ಲದಿದ್ದರೆ ದೂರು ಬಿದ್ದುಹೋಗುವದು.

ಲೆಕ್ಕದ ತಾಳೆಯಾದರೋ ಬೇರೆ. 1494ರಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿಯು ವೆನಿಸ್ ಪಟ್ಟಣದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಅಲ್ಲಿನ ವರ್ತಕರ ಲೆಕ್ಕದ ಕ್ರಮವನ್ನು ವಿವರಿಸಿದನು. ಪ್ರತಿಯೊಂದು ವ್ಯವಹಾರವನ್ನು ಎರಡು ಸಾರಿ ಬರೆಯಬೇಕು: ಒಂದು ಖಾತೆಯಲ್ಲಿ ಖರ್ಚಿನ ಕಡೆಗೆ, ಇನ್ನೊಂದು ಖಾತೆಯಲ್ಲಿ ಜಮೆಯ ಕಡೆಗೆ. ಕೊನೆಗೆ ಎರಡು ಕಡೆಯ ಮೊತ್ತಗಳನ್ನು ಎದುರೆದುರಾಗಿ ಇಟ್ಟು ನೋಡಬೇಕು. ಅವು ಸಮನಾಗದಿದ್ದರೆ ಎಲ್ಲಿಯೋ ತಪ್ಪಿದೆ. ಸಭೆಗೆ 500 ರೂಪಾಯಿಯ ಬೆಂಚನ್ನು ಕೊಂಡು, ಒಂದು ಕಡೆ 500 ಎಂದೂ ಇನ್ನೊಂದು ಕಡೆ 50 ಎಂದೂ ಬರೆದರೆ 450ರ ವ್ಯತ್ಯಾಸವು ಎದ್ದುಕಾಣುವದು.

ಆದರೆ ಎರಡು ಕಡೆಯಲ್ಲಿಯೂ 50 ಎಂದೇ ಬರೆದರೆ? ತಾಳೆಯು ಸರಿಹೋಗುವದು. ಬೆಂಚಿನ ಹಣವನ್ನು ದೀಪದೆಣ್ಣೆಯ ಖಾತೆಗೆ ಸೇರಿಸಿದರೆ? ಆಗಲೂ ಸರಿಹೋಗುವದು. ಆ ವ್ಯವಹಾರವನ್ನೇ ಬರೆಯದೆ ಬಿಟ್ಟರೆ? ಆಗಲೂ ಸರಿಹೋಗುವದು! ಆದದರಿಂದಲೇ ತಿಳುವಳಿಕೆಯುಳ್ಳ ಲೆಕ್ಕಿಗನು ತಾಳೆಯಾಯಿತೆಂದು ಪುಸ್ತಕವನ್ನು ಮುಚ್ಚಿ ನಿಶ್ಚಿಂತನಾಗುವದಿಲ್ಲ. ಚೀಟಿಗಳನ್ನು ತೆಗೆದು ನೋಡುತ್ತಾನೆ. ಬರೆದದ್ದು ಬರೆದದ್ದರೊಂದಿಗೆ ಹೊಂದಿತೆಂದು ಮಾತ್ರ ತಾಳೆ ಹೇಳುತ್ತದೆ. ಬರೆಯದೆ ಬಿಟ್ಟದ್ದರ ವಿಷಯದಲ್ಲಿ ಅದು ಮೂಕವಾಗಿದೆ.

ಈಗ ಒಬ್ಬ ಬೇಸಾಯಗಾರನನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವನು ಒಬ್ಬ ವಿಧವೆಯನ್ನು ದಿನಕ್ಕೆ 400 ರೂಪಾಯಿಯಂತೆ ಕೊಯ್ಲಿಗೆ ಕರೆದನು. ಅವಳು 5 ದಿನ ದುಡಿದಳು. ಅವನು 4 ದಿನವೆಂದು ಹೇಳಿ 1,600 ರೂಪಾಯಿ ಕೊಟ್ಟು ಕಳುಹಿಸಿದನು. ಅವನ ಪುಸ್ತಕದಲ್ಲಿ ಕೂಲಿಯ ಖಾತೆಗೆ 1,600, ನಗದಿನ ಖಾತೆಗೆ 1,600. ತಾಳೆಯಲ್ಲಿ ಒಂದು ಕಾಸೂ ವ್ಯತ್ಯಾಸವಿಲ್ಲ. ಅವಳು ನ್ಯಾಯಸ್ಥಾನಕ್ಕೆ ಹೋದರೆ ಐದನೆಯ ದಿನಕ್ಕೆ ಸಾಕ್ಷಿ ಯಾರು? ಹಾಜರಿಯ ಪಟ್ಟಿಯಿಲ್ಲ, ಜೊತೆಯಲ್ಲಿ ಕೊಯ್ದವರು ಮುಂದಿನ ಕೆಲಸ ತಪ್ಪೀತೆಂದು ಬಾಯಿ ಬಿಡರು. ಹೀಗೆ ಆ ಮನುಷ್ಯನು ಎರಡು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ ಆದಿತ್ಯವಾರ ಕಾಣಿಕೆ ಹಾಕಿ ಕರ್ತನ ಮೇಜಿನ ಬಳಿಗೆ ಬರುತ್ತಾನೆ. ಆ 400 ರೂಪಾಯಿ ಎಲ್ಲಿದೆ? ಪುಸ್ತಕದಲ್ಲಿಲ್ಲ, ದಾವೆಯಲ್ಲಿಲ್ಲ. ಆದರೆ ಹಿಡಿದಿಟ್ಟ ಕೂಲಿಗೆ ಬಾಯಿಯುಂಟೆಂದೂ ಕೊಯ್ಲಿನವರ ಮೊರೆಯು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿತೆಂದೂ ಯಾಕೋಬನು ಎಚ್ಚರಿಸುತ್ತಾನೆ. ಆತನ ಮುಂದೆ ಬರೆಯದ ಸಾಲೂ ಇದೆ, ನುಡಿಯದ ಸಾಕ್ಷಿಯೂ ಇದೆ.

ಪ್ರಿಯರೇ, ನಮ್ಮಲ್ಲಿ ಎಷ್ಟು ಮಂದಿ ಹೀಗೆ ಲೆಕ್ಕ ಹೊಂದಿಸಿಕೊಳ್ಳುತ್ತೇವೆ! ಒಂದು ಕಡೆ ಪ್ರಾರ್ಥನೆ, ಉಪವಾಸ, ಸುಗ್ಗಿಯ ಕಾಣಿಕೆ. ಇನ್ನೊಂದು ಕಡೆ ನಾವು ಒಪ್ಪಿಕೊಳ್ಳುವದಕ್ಕೆ ಸಿದ್ಧವಾಗಿರುವ ಚಿಕ್ಕ ತಪ್ಪುಗಳು. ಎರಡೂ ಸರಿಹೋದವೆಂದು ಸಮಾಧಾನಪಡುತ್ತೇವೆ. ತಾಳೆಯನ್ನು ತೀರ್ಪೆಂದು ತಿಳಿಯುವದು ಇದೇ.

ಜಕ್ಕಾಯನನ್ನು ನೋಡಿರಿ. ಸುಂಕದವರಲ್ಲಿ ಮುಖ್ಯನಾದ ಅವನು ಲೆಕ್ಕ ಬಲ್ಲವನು. ಅವನ ಮೇಲೆ ಯಾರೂ ದಾವೆ ಹೂಡಿರಲಿಲ್ಲ. ಆದರೆ ಯೇಸು ಸ್ವಾಮಿಯು ಅವನ ಮನೆಗೆ ಬಂದಾಗ ಅವನು ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಅನ್ಯಾಯವಾಗಿ ತಕ್ಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಹೇಳಿದನು. ಬಿಟ್ಟುಹೋದ ಸಾಲನ್ನು ಅವನು ತನ್ನ ಕೈಯಿಂದಲೇ ಬರೆದನು.

ಬರೆದರೆ ಸಾಲವು ನಮ್ಮನ್ನು ನುಂಗೀತೆಂದು ಅಂಜುತ್ತೀರೋ? ಪಿಲಾತನು ವಿಚಾರಿಸಿ, ಈತನಲ್ಲಿ ಅಪರಾಧವಿಲ್ಲವೆಂದು ಕಂಡರೂ ನಮ್ಮ ಕರ್ತನನ್ನು ಶಿಲುಬೆಗೆ ಒಪ್ಪಿಸಿದನು. ನಮಗೆ ವಿರೋಧವಾಗಿದ್ದ ಸಾಲಪತ್ರವನ್ನು ದೇವರು ಆ ಶಿಲುಬೆಗೇ ಜಡಿದನೆಂದು ಪೌಲನು ಕೊಲೊಸ್ಸೆಯವರಿಗೆ ಬರೆದನು. ದೇವರಿಗೆ ನಾವು ತೀರಿಸಲಾರದ ಸಾಲವು ಅಲ್ಲಿ ತೀರಿತು. ಆದರೆ ಆ ವಿಧವೆಯ ಕೂಲಿಯನ್ನು ನಾವು ಕೊಡಬಲ್ಲೆವು. ಕ್ಷಮೆ ಹೊಂದಿದವನು ಅದನ್ನು ಇಟ್ಟುಕೊಳ್ಳಲಾರನು.

ಆದದರಿಂದ ಮುಂದಿನ ಕರ್ತನ ಭೋಜನಕ್ಕೆ ಮೊದಲು ಪ್ರತಿಯೊಬ್ಬರೂ ದೇವರ ಮುಂದೆ ಕೂತು, ಬರೆದದ್ದನ್ನಲ್ಲ, ಬರೆಯದೆ ಬಿಟ್ಟದ್ದನ್ನು ಹುಡುಕಿರಿ. ಸಿಕ್ಕಿದರೆ ಹಣವನ್ನು ಕೈಯಲ್ಲಿ ಹಿಡಿದು ಆ ಮನೆಯ ಬಾಗಿಲಿಗೆ ಹೋಗಿರಿ. ಆಮೇಲೆ ಮೇಜಿನ ಬಳಿಗೆ ಬನ್ನಿರಿ. ಆಮೆನ್.